ಸಾಕು ಅನ್ನುವ ಜಾಗ

ಅಕ್ಕ ಕೆಲಸ ಮುಗಿಸಿ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ತಮ್ಮ ಅಡುಗೆಮನೆಯ ಮೇಜಿನಿಂದಲೇ ಕೂಗಿದ.

"ಅಕ್ಕಾ, ಐದೇ ನಿಮಿಷ. ಬಣ್ಣ ಹೇಳು ಬಾ."

ಐದು ನಿಮಿಷ ಅನ್ನುವುದು ಆ ಮನೆಯಲ್ಲಿ ಒಂದು ಗಂಟೆಗೆ ಇಟ್ಟ ಮುದ್ದಿನ ಹೆಸರು. ನಾಲ್ಕು ಮಹಡಿ ಹತ್ತಿ ಬಂದ ಅವಳ ಮಂಡಿ ಚುರುಗುಟ್ಟುತ್ತಿತ್ತು. ಲಿಫ್ಟ್ ರಿಪೇರಿ ಮಾಡುವ ತಮ್ಮ ಇರುವ ಕಟ್ಟಡಕ್ಕೇ ಲಿಫ್ಟ್ ಇಲ್ಲ, ಯಾರಿಗೆ ಹೇಳಿದರೂ ನಗುತ್ತಾರೆ. ಅವಳು ಒಗೆದು ಒಣಗಿದ ಬಟ್ಟೆಯ ಬುಟ್ಟಿಯನ್ನು ಎತ್ತಿಕೊಂಡು ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕುಸಿದಳು. ಕಣ್ಣು ಅವನ ಕಂಪ್ಯೂಟರಿಗೆ, ಕೈ ತನ್ನ ಕೆಲಸಕ್ಕೆ. ಬುಟ್ಟಿಯಿಂದ ಅವನ ಕಾಲುಚೀಲಗಳನ್ನು ಒಂದೊಂದಾಗಿ ತೆಗೆದು ಜೋಡಿ ಮಾಡಿ ಸುತ್ತಿಡತೊಡಗಿದಳು.

ಪರದೆಯ ಮೇಲೆ ಹೊಗೆಯ ಹಾಗೆ ಏನೋ ಹರಡಿಕೊಂಡಿತ್ತು. ಅದು ನಕ್ಷತ್ರಗಳ ನಡುವೆ ತೇಲುವ ಅನಿಲದ ಮೋಡ. ಹನ್ನೊಂದು ರಾತ್ರಿ ತಾರಸಿಯ ಮೇಲೆ ದೂರದರ್ಶಕಕ್ಕೆ ಕ್ಯಾಮೆರಾ ಬಿಗಿದು, ಐದೈದು ನಿಮಿಷಕ್ಕೊಂದರಂತೆ ನೂರಾರು ಚಿತ್ರ ತೆಗೆದು, ಅವನ್ನೆಲ್ಲ ಒಂದರ ಮೇಲೊಂದು ಪೇರಿಸಿ ತಮ್ಮ ಇದನ್ನು ಹೊರತೆಗೆದಿದ್ದ.

"ನೀಲಿಹಸಿರು ಏರಿಸ್ತಾ ಹೋಗ್ತೀನಿ. ಸರಿ ಅನ್ನಿಸಿದ ಕಡೆ ಸಾಕು ಅನ್ನು."

"ಗೊತ್ತಪ್ಪ. ಇವತ್ತು ನಿನ್ನೆಯ ಕೆಲಸಾನಾ ಇದು?"

ಅವನು ಗುಂಡಿಯೊಂದನ್ನು ಮೆಲ್ಲಗೆ ಸರಿಸಿದ. "ಇಷ್ಟು?"

"ಇನ್ನೂ."

"ಈಗ?"

"ಇನ್ನೂ ಸ್ವಲ್ಪ."

"ಅಕ್ಕ, ಬಹಳ ಮುಂದೆ ಬಂದಿದೀವಿ."

"ನೋಡೋಳು ನಾನೋ ನೀನೋ? ಇನ್ನೂ ಹಾಕು." ಅವಳು ಮತ್ತೊಂದು ಜೋಡಿ ಸುತ್ತಿ ಬುಟ್ಟಿಗೆ ಎಸೆದಳು. "ಹಾಂ. ಸಾಕು."

"ಖಂಡಿತಾನಾ?"

"ಸಾಕು ಅಂದ್ಮೇಲೆ ಸಾಕು."

ತಮ್ಮ ಪರದೆಯ ಮೂಲೆಯಲ್ಲಿದ್ದ ಅಂಕಿಯನ್ನು ನೋಡಿ, ಎಣ್ಣೆ ಹತ್ತಿದ ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡ. ಬರೆದ ಮೇಲೆ ಹಿಂದಿನ ಪುಟಗಳನ್ನು ತಿರುವಿ ನೋಡಿದ. ಅಕ್ಕ ಅದನ್ನು ಗಮನಿಸಲಿಲ್ಲ. ಅವಳಿಗೆ ಎದ್ದು ಹೋಗಿ ಕಾಲು ಚಾಚಿದರೆ ಸಾಕಾಗಿತ್ತು.

ನಿಜ ಏನೆಂದರೆ, ಅವಳಿಗೆ ಆ ಬಣ್ಣ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಒಂದೆರಡು ವರ್ಷದಿಂದ ಲೋಕವೆಲ್ಲ ತೆಳ್ಳಗಿನ ಚಹಾದಲ್ಲಿ ಅದ್ದಿ ತೆಗೆದ ಹಾಗಿತ್ತು. ಕೆಂಪು ಹೇಗೋ ಉಳಿದುಕೊಂಡಿತ್ತು. ನೀಲಿ ಮಾತ್ರ ದಿನದಿನಕ್ಕೆ ಕೈಬಿಟ್ಟು ಹೋಗುತ್ತಿತ್ತು. ಇದನ್ನು ಅವಳು ಒಬ್ಬರಿಗೂ ಹೇಳಿರಲಿಲ್ಲ. ಹೇಳುವ ಹಾಗೂ ಇರಲಿಲ್ಲ, ಯಾಕೆಂದರೆ ಅವಳು ದುಡಿದು ತಿನ್ನುತ್ತಿದ್ದುದೇ ಬಣ್ಣಗಳ ಮೇಲೆ.

ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅವಳು ರಫೂ ಮಾಡುತ್ತಾಳೆ. ಸಿಗರೇಟು ಸುಟ್ಟ ತೂತು, ನುಸಿ ತಿಂದ ತೂತು, ಮೊಳೆಗೆ ಸಿಕ್ಕಿ ಹರಿದದ್ದು, ಎಲ್ಲವನ್ನೂ ಎಳೆಗೆ ಎಳೆ ಹೆಣೆದು ಅಲ್ಲಿ ಏನೂ ಆಗಿರಲೇ ಇಲ್ಲ ಅನ್ನುವಂತೆ ಮಾಡುವುದು ಅವಳ ಕೆಲಸ. ಇಪ್ಪತ್ತೇಳು ವರ್ಷ ಆ ಕುರ್ಚಿ ಸವೆಸಿದ್ದಾಳೆ. ಅದು ಅವಳಿಗೆ ಸಿಕ್ಕಿದ ಬಗೆ ಅವಳಿಗೆ ಚೆನ್ನಾಗಿ ನೆನಪಿದೆ. ಅವಳಿಗಿಂತ ಮುಂಚೆ ಅಲ್ಲೊಬ್ಬ ರಫೂ ಅಜ್ಜ ಇದ್ದ. ಕೈ ನಡುಗತೊಡಗಿದ್ದನ್ನು ಅವನು ಯಾರಿಗೂ ಹೇಳದೆ ಆರು ತಿಂಗಳು ತಳ್ಳಿದ. ಒಂದು ಸೋಮವಾರ ಅವನು ಬಂದು ನೋಡಿದರೆ ಕುರ್ಚಿಯ ಮೇಲೆ ಬೇರೆಯವರು ಕೂತಿದ್ದರು. ಆ ಬೇರೆಯವರು ಇವಳೇ. ಅಜ್ಜ ಬಾಗಿಲಲ್ಲಿ ನಿಂತು ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ ಹೊರಟುಹೋದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ತಮ್ಮನ ವಿಷಯ. ಅವನಿಗೆ ಹುಟ್ಟಿನಿಂದಲೇ ಕೆಂಪು-ಹಸಿರಿನ ಭೇದವಿಲ್ಲ. ನೀಲಿ ಕಾಣುತ್ತದೆ, ಹಳದಿ ಕಾಣುತ್ತದೆ, ಕೆಂಪು ಮತ್ತು ಹಸಿರು ಮಾತ್ರ ಎರಡೂ ಒಂದೇ ಕೆಸರು. ಆರು ವರ್ಷದವನಿದ್ದಾಗ ಅಮ್ಮ ಟೊಮ್ಯಾಟೊ ಹಣ್ಣು ತಾರೋ ಅಂತ ಕಳಿಸಿದರೆ ಚೀಲದ ತುಂಬ ಕಾಯಿ ತುಂಬಿಸಿಕೊಂಡು ಬಂದಿದ್ದ. ಅಂದಿನಿಂದ ಮನೆಯಲ್ಲಿ ಅವನ ಹೆಸರು ಕಾಯಿ. ಈಗ ಐವತ್ತೊಂದಾಗಿ ತಲೆ ಪೂರ್ತಿ ಹಣ್ಣಾಗಿದ್ದರೂ ಅಕ್ಕನ ಬಾಯಲ್ಲಿ ಇನ್ನೂ ಕಾಯಿಯೇ. ಯಾಕೆ ಆ ಹೆಸರು ಅಂತ ಹೊರಗಿನವರು ಕೇಳಿದರೆ, "ಹುಟ್ಟಿದಾಗ ತಲೆ ತೆಂಗಿನಕಾಯಿ ಥರ ಇತ್ತು" ಅಂದು ಮಾತು ಹಾರಿಸುತ್ತಿದ್ದಳು. ಅವನ ಕಣ್ಣಿನ ಗುಟ್ಟನ್ನು ಅವಳು ಒಂದು ದಿನವೂ ಬೀದಿಗೆ ಬಿಟ್ಟವಳಲ್ಲ.

ಬಣ್ಣ ಕಾಣದವನು ಲಿಫ್ಟಿನ ನೂರಾರು ವೈರುಗಳ ನಡುವೆ ಹೇಗೆ ಬದುಕಿದ ಅಂತ ಕೇಳಬಹುದು. ಪ್ರತಿ ವೈರಿನ ತುದಿಯಲ್ಲೂ ಅಂಕಿ ಬರೆದ ಪುಟ್ಟ ಉಂಗುರ ಇರುತ್ತದೆ. ಅವನು ಬಣ್ಣ ನೋಡುವುದಿಲ್ಲ, ಅಂಕಿ ನೋಡುತ್ತಾನೆ. ಉಳಿದ ಎಲ್ಲದಕ್ಕೂ ಅಕ್ಕ ಇದ್ದಳು. ಅಮ್ಮ ಸಾಯುವ ಮುಂಚೆ ಅವಳ ಕೈ ಹಿಡಿದು, "ಅವನಿಗೆ ಕಣ್ಣು ನೀನೇ ಕಣೇ" ಅಂದಿದ್ದಳು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುವವರೂ ಒಬ್ಬೊಬ್ಬರಾಗಿ ತೀರಿಕೊಂಡರು.

ಇಂಥವನಿಗೆ ಆಕಾಶದ ಬಣ್ಣ ಹಿಡಿಯುವ ಹುಚ್ಚು ಹತ್ತಿತು ನೋಡಿ. ಹಳೆಯ ದೂರದರ್ಶಕ, ಯಾರೋ ಬಳಸಿ ಬಿಟ್ಟ ಕಲರ್ ಕ್ಯಾಮೆರಾ. ಮೊದಲ ವರ್ಷ ಬರೀ ಕಿತ್ತಳೆ ಮಬ್ಬು ಬಂತು, ಬೀದಿದೀಪ ಮತ್ತು ಜಾಹೀರಾತು ಫಲಕಗಳ ಕೃಪೆ. ಆಮೇಲೆ ಅವನು ಒಂದು ಫಿಲ್ಟರ್ ತಂದ. ನಾಣ್ಯದಷ್ಟು ಗಾಜು, ನೋಡಿದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಇದು ಎರಡೇ ಎರಡು ಗೆರೆ ಬೆಳಕನ್ನ ಒಳಗೆ ಬಿಡುತ್ತೆ ಅಕ್ಕ. ಜಲಜನಕದ ಕಡುಗೆಂಪು ಒಂದು, ಆಮ್ಲಜನಕದ ನೀಲಿಹಸಿರು ಒಂದು. ಬೀದಿದೀಪ, ಚಂದ್ರ, ಹೋಟೆಲಿನ ಬೋರ್ಡು, ಹೆಚ್ಚುಕಮ್ಮಿ ಎಲ್ಲ ಹೊರಗೇ."

"ಜರಡಿ ಅನ್ನು."

"ಜರಡಿ ಅಂತಾನೇ ಇಟ್ಕೋ. ಕ್ಯಾಮೆರಾದೊಳಗೆ ನಾಲ್ಕು ನಾಲ್ಕು ಕಣ್ಣಿನ ಗುಂಪು ಇರ್ತವೆ. ಒಂದು ಕೆಂಪಿಗೆ, ಎರಡು ಹಸಿರಿಗೆ, ಒಂದು ನೀಲಿಗೆ. ಕಡುಗೆಂಪು ಬಂದಾಗ ನಾಲ್ಕರಲ್ಲಿ ಒಂದೇ ದುಡಿಯುತ್ತೆ, ಮೂರು ಸುಮ್ನೆ ಕೂತಿರ್ತವೆ."

"ನಮ್ಮ ಅಂಗಡಿ ಹಾಗೇ," ಅಂದಿದ್ದಳು ಅಕ್ಕ.

ಕಪ್ಪು-ಬಿಳುಪು ಕ್ಯಾಮೆರಾ ತಗೊಳ್ಳಯ್ಯ, ನಾಲ್ಕು ಕಣ್ಣೂ ದುಡಿಯುತ್ತವೆ ಅಂತ ಅವನ ನಕ್ಷತ್ರ ಸಂಘದವರು ಬುದ್ಧಿ ಹೇಳಿ ಸೋತರು. ಅವನ ಕಷ್ಟ ಅವರಿಗೇನು ಗೊತ್ತು. ಯಾವ ಕ್ಯಾಮೆರಾದಲ್ಲಿ ತೆಗೆದರೂ ಕೊನೆಗೆ ಎರಡು ಗೆರೆಗಳನ್ನು ಹದವಾಗಿ ಬೆರೆಸಬೇಕು. ಜಲಜನಕದ ಕೆಂಪು ಅವನಿಗೆ ಬರೀ ಕತ್ತಲೆ, ಆಮ್ಲಜನಕದ ಆ ನೀಲಿಹಸಿರು ಬರೀ ಬೂದಿ. ಹಾಗಾಗಿ ಹದ ಹೇಳುವವಳು ಅಕ್ಕ. ಅವಳು ಸಾಕು ಅಂದ ಜಾಗವೇ ಚಿತ್ರದ ಬಣ್ಣ.

ಈ ಸಲದ ಚಿತ್ರ ಮಾತ್ರ ಮನೆಯ ಗೋಡೆಗೆ ಅಲ್ಲ. ಬರುವ ಭಾನುವಾರ ಸಾರ್ವಜನಿಕ ಗ್ರಂಥಾಲಯದ ಸಭಾಂಗಣದಲ್ಲಿ ಸಂಘದವರ ಪ್ರದರ್ಶನ ಇತ್ತು. ತಮ್ಮನ ಚಿತ್ರ ಮೊದಲ ಬಾರಿಗೆ ನಾಲ್ಕು ಜನರ ಎದುರು ನಿಲ್ಲುವುದಿತ್ತು.

ಮಾರನೆಯ ದಿನ ಅಂಗಡಿಗೆ ಹೋದರೆ ಅವಳ ಮೇಜಿನ ಮೇಲೆ ಒಂದು ಕೋಟು ಬಿದ್ದಿತ್ತು. ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಂತು ಸಲಾಮು ಹೊಡೆಯುವವನ ಕಡುನೀಲಿ ಕೋಟು. ಹೋದ ವಾರ ಅದರ ತೋಳಿನ ತೂತನ್ನು ಅವಳೇ ಮುಚ್ಚಿ ಕಳಿಸಿದ್ದಳು. ಯಜಮಾನಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ವಾಪಸ್ ತಂದು ಬಿಸಾಕಿ ಹೋದ. ಬಿಸಿಲಿಗೆ ಹೋದ್ರೆ ತೋಳಿಗೆ ಮಸಿ ಮೆತ್ತಿದ ಹಾಗಿದೆಯಂತೆ. ಏನಿದು?"

ಅಕ್ಕ ಕೋಟನ್ನು ಕಿಟಕಿಗೆ ಹಿಡಿದಳು. ಬಟ್ಟೆಯೂ ಕಪ್ಪು, ಎಳೆಯೂ ಕಪ್ಪು. ಅವಳಿಗೆ ಅಲ್ಲಿ ಏನೂ ಕಾಣಲಿಲ್ಲ. ಸಾಮಾನ್ಯವಾಗಿ ಅವಳು ಅದೇ ಬಟ್ಟೆಯ ಒಳಹೊಲಿಗೆಯಿಂದ ಎಳೆ ಕಿತ್ತು ಹೆಣೆಯುತ್ತಾಳೆ, ಬಣ್ಣ ಹೊಂದಿಸುವ ತಾಪತ್ರಯವೇ ಇರುವುದಿಲ್ಲ. ಈ ಕೋಟಿನ ಒಳಗೆ ಎಳೆ ಸಾಲದೆ ಹೋಗಿ ಪೆಟ್ಟಿಗೆಯ ನೂಲುಂಡೆಯಿಂದ ತೆಗೆದಿದ್ದಳು. ಎರಡು ಉಂಡೆ ಪಕ್ಕಪಕ್ಕ ಇಟ್ಟು ನೋಡಿ, ಎರಡೂ ಒಂದೇ ಅನ್ನಿಸಿ, ಕೈಗೆ ಸಿಕ್ಕಿದ್ದನ್ನು ಪೋಣಿಸಿದ್ದಳು. ಅದು ಈಗ ನೆನಪಾಗಿ ಬೆನ್ನಲ್ಲಿ ಬೆವರೊಡೆಯಿತು.

"ಕೋಟು ಬಣ್ಣ ಬಿಟ್ಟಿರ್ಬೇಕು," ಅಂತ ಕಾಗೆ ಹಾರಿಸಿದಳು. "ಹಳೇ ಬಟ್ಟೆ. ತೊಳೆದ ಮೇಲೆ ಹೀಗಾಗುತ್ತೆ."

"ಇಪ್ಪತ್ತೇಳು ವರ್ಷದಲ್ಲಿ ಆಗದ್ದು ಈಗ ಆಯ್ತಾ?"

"ಆಯ್ತು ನೋಡಿ."

ಯಜಮಾನಿ ಕೋಟನ್ನು ಕಪಾಟಿನ ಮೇಲಿಟ್ಟು ಹೋದಳು. ನಂಬಿದಳೋ ಬಿಟ್ಟಳೋ ತಿಳಿಯಲಿಲ್ಲ. ಅಂದು ಸಂಜೆಯವರೆಗೆ ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಮೂರೇ ಮೂರು ಬಟ್ಟೆ ಮುಗಿಸಿದಳು. ಒಂದೊಂದು ಉಂಡೆಯನ್ನೂ ಹಿಂದಿನ ಬಾಗಿಲಿಗೆ ಒಯ್ದು ಬೆಳಕಲ್ಲಿ ತಿರುಗಿಸಿ ನೋಡಿ ತಂದಳು. ಹೋಗಿ ಬಂದು, ಹೋಗಿ ಬಂದು, ಜೀವ ಹಣ್ಣುಗಾಯಿ ನೀರುಗಾಯಿ ಆಯಿತು. ಕೆಲಸ ಮಾಡಿದ ಸುಸ್ತಾದರೆ ಮಲಗಿ ಎದ್ದರೆ ಹೋಗುತ್ತದೆ. ಕಾಣುತ್ತದೆ ಅಂತ ನಟಿಸಿದ ಸುಸ್ತು ಮಲಗಿದಾಗಲೂ ಜೊತೆಯಲ್ಲೇ ಮಲಗುತ್ತದೆ. ತಾನೂ ಒಂದು ಸೋಮವಾರ ಬಂದು ಬಾಗಿಲಲ್ಲಿ ನಿಲ್ಲುತ್ತೇನೆ ಅನ್ನುವುದು ಅವಳಿಗೆ ಈಗ ಖಾತ್ರಿಯಾಗಿತ್ತು.

ಭಾನುವಾರ ಹತ್ತು ಗಂಟೆಗೆ ಗ್ರಂಥಾಲಯ. ಉದ್ದನೆಯ ಸಭಾಂಗಣ, ಎತ್ತರದ ಕಿಟಕಿಗಳು, ಗೋಡೆಯ ಮೇಲೆ ಒಂಬತ್ತು ಚಿತ್ರ. ತಮ್ಮ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ತನ್ನ ಚಿತ್ರದ ಪಕ್ಕ ಸೆಟೆದು ನಿಂತಿದ್ದ, ಲಿಫ್ಟಿಗೆ ಕಾಯುವವನ ಹಾಗೆ. ಅಕ್ಕ ದೂರದ ಬೆಂಚಿನಲ್ಲಿ ಕೂತಳು. ಅಲ್ಲಿಂದ ನೋಡಿದರೆ ತಮ್ಮನ ಚಿತ್ರ ಅವಳಿಗೆ ಚೆನ್ನಾಗಿಯೇ ಕಂಡಿತು. ಅಂಚಿನಲ್ಲಿ ಹದವಾದ ಕೆಂಪು, ನಡುವೆ ಮೆಲ್ಲನೆಯ ನೀಲಿಹಸಿರು. ಪಕ್ಕದಲ್ಲೇ ಅದೇ ಮೋಡದ ಇನ್ನೊಂದು ಚಿತ್ರವಿತ್ತು, ಸಂಘದ ಹಲ್ಲಿನ ಡಾಕ್ಟರು ತೆಗೆದದ್ದು. ಅದು ಅವಳ ಕಣ್ಣಿಗೆ ಕಂದು ಕಂದಾಗಿ, ಕೊಳೆ ನೀರಿನಲ್ಲಿ ತೊಳೆದಂತೆ ಕಂಡಿತು. ಪಾಪ, ಡಾಕ್ಟರಿಗೆ ಬಣ್ಣ ಹೇಳುವವರು ಯಾರೂ ಇಲ್ಲ ಅಂದುಕೊಂಡಳು. ಎಷ್ಟೋ ದಿನದ ಮೇಲೆ ಅವಳಿಗೆ ಸ್ವಲ್ಪ ಹೆಮ್ಮೆಯಾಯಿತು.

ಆಮೇಲೆ ಜನ ಬರತೊಡಗಿದರು. ಡಾಕ್ಟರ ಚಿತ್ರದ ಮುಂದೆ ನಿಂತು ಆಹಾ ಅಂದರು. ತಮ್ಮನ ಚಿತ್ರಕ್ಕೆ ಬಂದವರು ಪಕ್ಕದವರ ಮುಖ ನೋಡುತ್ತಿದ್ದರು. ಸಂಘದ ಹಿರಿಯರಾದ ಭೂಗೋಳದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಕೆಲಸ ಬಹಳ ಅಚ್ಚುಕಟ್ಟು. ನಕ್ಷತ್ರಗಳೆಲ್ಲ ಚುಕ್ಕಿ ಹಾಗೆ ಬಂದಿವೆ," ಅಂದರು. "ಬಣ್ಣ ಮಾತ್ರ ಸ್ವಲ್ಪ ಜೋರಾಯ್ತು, ಅಲ್ವಾ?"

"ಇರ್ಬಹುದು ಸಾರ್," ಅಂದ ತಮ್ಮ.

ಬೆಂಚಿನ ಮುಂದೆಯೇ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, "ಈಜುಕೊಳ ಕಣೇ, ಅಪ್ಪಟ ಈಜುಕೊಳ! ಕಣ್ಣು ಕುಕ್ಕುತ್ತೆ," ಅಂದಳು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಅಕ್ಕ ಎದ್ದು ಚಿತ್ರದ ಹತ್ತಿರ ಹೋದಳು. ಇದನ್ನು ನೋಡಿದಳು, ಅದನ್ನು ನೋಡಿದಳು. ಇಡೀ ಸಭಾಂಗಣಕ್ಕೆ ಚಂದ ಕಂಡದ್ದು ಅವಳಿಗೆ ಕೊಳೆ. ಅವಳಿಗೆ ಹದ ಅನ್ನಿಸಿದ್ದು ಇಡೀ ಸಭಾಂಗಣಕ್ಕೆ ಈಜುಕೊಳ. ಇಷ್ಟು ಜನರೆಲ್ಲ ಸೇರಿ ತಪ್ಪು ನೋಡುತ್ತಿದ್ದಾರೆ ಅಂತ ಸಾಧಿಸಲು ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ತಮ್ಮ ಹನ್ನೊಂದು ರಾತ್ರಿ ಚಳಿಯಲ್ಲಿ ಕೂತು ತೆಗೆದದ್ದನ್ನು ತಾನು ಕಾಲುಚೀಲ ಸುತ್ತುತ್ತಾ ಹಾಳು ಮಾಡಿದೆ ಅನ್ನಿಸಿತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಕಾಯಿ, ಹೊರಗೆ ಬಾ ಸ್ವಲ್ಪ."

ಗ್ರಂಥಾಲಯದ ಮೆಟ್ಟಿಲಿನ ಮೇಲೆ, ಸೈಕಲ್ಲುಗಳನ್ನು ನಿಲ್ಲಿಸಿದ್ದ ಕಡೆ ಮುಖ ಮಾಡಿ ಇಬ್ಬರೂ ಕೂತರು. ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನನಗೆ ಬಣ್ಣ ಕಾಣ್ತಾ ಇಲ್ಲ ಕಣೋ," ಅಂದಳು. "ಈಗಲ್ಲ. ಬಹಳ ದಿನ ಆಯ್ತು."

ತಮ್ಮ ಸೈಕಲ್ಲುಗಳನ್ನೇ ನೋಡುತ್ತಿದ್ದ. "ಗೊತ್ತು ಅಕ್ಕ."

"ಏನು ಗೊತ್ತು? ಹೇಗೆ ಗೊತ್ತು?"

ಅವನು ಜೇಬಿನಿಂದ ಎಣ್ಣೆ ಹತ್ತಿದ ನೋಟುಬುಕ್ಕು ತೆಗೆದ. "ನೀನು ಸಾಕು ಅಂದಾಗೆಲ್ಲ ಅಂಕಿ ಬರ್ಕೊಂಡಿದೀನಿ. ಮೂರು ವರ್ಷದ ಹಿಂದೆ ಒಂದು ಪಾಯಿಂಟ್ ನಾಲ್ಕಕ್ಕೆ ಸಾಕು ಅಂತಿದ್ದೆ. ಆಮೇಲೆ ಒಂದು ಪಾಯಿಂಟ್ ಎಂಟು. ಹೋದ ಚಳಿಗಾಲ ಎರಡು ದಾಟಿತು. ಈ ಚಿತ್ರಕ್ಕೆ ಮೂರು ಪಾಯಿಂಟ್ ಒಂದು."

"ಮೋಡ ಬೇರೆ ಬೇರೆ. ಬಣ್ಣಾನೂ ಬೇರೆ ಇರುತ್ತೆ." ಸೋತ ಮೇಲೂ ವಾದ ಬಿಡುವ ಜಾಯಮಾನ ಅವಳದಲ್ಲ.

"ನಾನೂ ಹಾಗೇ ಅಂದ್ಕೊಂಡೆ. ಅದಕ್ಕೇ ಎರಡು ತಿಂಗಳ ಹಿಂದೆ ಮೂರು ವರ್ಷದ ಹಳೇ ಚಿತ್ರಾನೇ ತಲೆಕೆಳಗು ಮಾಡಿ, ಹೊಸದು ಅಂತ ನಿನ್ನ ಮುಂದಿಟ್ಟೆ. ಆಗ ಒಂದು ಪಾಯಿಂಟ್ ನಾಲ್ಕು ಅಂದಿದ್ದೆಯಲ್ಲ, ಅದೇ ಚಿತ್ರ. ಈಗ ಮೂರಕ್ಕೆ ಸಾಕು ಅಂದೆ."

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ನನ್ನನ್ನೇ ಪರೀಕ್ಷೆ ಮಾಡಿದ್ಯಾ? ಹೊಟ್ಟೆಗೆ ಹಾಕಿ ಬೆಳೆಸಿದವಳನ್ನ?"

"ಮಾಡಿದೆ."

"ಗೊತ್ತಿದ್ದೂ ಆ ಈಜುಕೊಳಾನ ಗೋಡೆಗೆ ನೇತು ಹಾಕಿದ್ಯಾ? ನಾಲ್ಕು ಜನರ ಮುಂದೆ ನಗೆಪಾಟಲಾಗೋಕೆ?"

"ನೀನು ಸಾಕು ಅಂದಿದ್ದು ಅಲ್ಲಿಗೇ ಅಲ್ವಾ," ಅಂದ ತಮ್ಮ. "ಹಳೇ ಅಂಕಿ ಹಾಕಿ ಪ್ರಿಂಟ್ ಮಾಡಿಸ್ಬಹುದಿತ್ತು. ಮಾಡಿಸ್ಲಿಲ್ಲ. ನಿನ್ನ ಬೆನ್ನ ಹಿಂದೆ ನಿನ್ನ ಮಾತು ತಿದ್ದೋಕೆ ಮನಸ್ಸು ಬರಲಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ. ಕಣ್ಣಿನ ಡಾಕ್ಟರ ಹತ್ರ ಎರಡು ತಿಂಗಳ ಹಿಂದೇನೇ ನಿನ್ನ ಹೆಸರು ಬರೆಸಿದ್ದೆ. ಎರಡು ಸಲ ಮುಂದಕ್ಕೆ ಹಾಕಿಸಿದೆ. ಈಗ ಗುರುವಾರ ಹತ್ತೂವರೆಗೆ ಇದೆ."

ಆಮೇಲೆ ಅಕ್ಕ ಹೇಳತೊಡಗಿದಳು. ಅಂಗಡಿಯ ಕೋಟಿನ ಕಥೆ, ರಫೂ ಅಜ್ಜನ ಕಥೆ, ಹಿಂದಿನ ಬಾಗಿಲಿಗೆ ಉಂಡೆ ಹೊತ್ತು ಓಡಾಡಿದ ಕಥೆ, ಎಲ್ಲ ಒಂದೊಂದಾಗಿ ಹೊರಗೆ ಬಂತು. ಕಣ್ಣೀರು ಬರಲಿಲ್ಲ, ಅಷ್ಟು ದಣಿದಿದ್ದಳು.

"ಸಾಕಾಗಿದೆ ಕಣೋ," ಅಂದಳು ಕೊನೆಗೆ. "ಕಾಣುತ್ತೆ, ಕಾಣುತ್ತೆ ಅಂತ ಹೇಳಿ ಹೇಳಿ ಸಾಕಾಗಿದೆ. ನನ್ನ ಕಣ್ಣೇ ಹೋದ್ರೆ ನಿನಗೆ ನಾನು ಯಾಕೆ ಬೇಕು, ಅಂಗಡಿಗೆ ನಾನು ಯಾಕೆ ಬೇಕು?"

"ಅಂಗಡಿ ವಿಷಯ ನನಗೆ ಗೊತ್ತಿಲ್ಲ," ಅಂದ ಅವನು. "ನನಗೆ ಬೇಕು."

ಸೋಮವಾರ ಬೆಳಿಗ್ಗೆ ಅವಳು ಕುರ್ಚಿಯಲ್ಲಿ ಕೂರುವ ಮುಂಚೆಯೇ ಯಜಮಾನಿಯ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು. ಕೋಟು ಬಣ್ಣ ಬಿಟ್ಟಿಲ್ಲ, ನಾನೇ ನೀಲಿಗೆ ಕಪ್ಪು ಹಾಕಿದ್ದು, ಕಣ್ಣಿಗೆ ಪೊರೆ ಬಂದಿರಬೇಕು, ಗುರುವಾರ ತೋರಿಸುತ್ತೇನೆ. ಯಜಮಾನಿಯ ಮುಖ ಕೆಂಪಾಯಿತು. ಆ ಕೆಂಪು ಮಾತ್ರ ಅಕ್ಕನಿಗೆ ಚೆನ್ನಾಗಿ ಕಂಡಿತು.

"ಮೊದಲೇ ಬೊಗಳೋಕೆ ಏನಾಗಿತ್ತು? ಅವನ ಹತ್ರ ಜಗಳ ಆಡಿ ಕಳಿಸಿದೀನಿ ನಾನು, ನಿನ್ನ ಕೋಟೇ ಸರಿಯಿಲ್ಲ ಅಂತ!" ಸ್ವಲ್ಪ ಹೊತ್ತು ಅಡ್ಡಾಡಿ ತಣ್ಣಗಾದ ಮೇಲೆ ಅಂದಳು, "ಆರು ವಾರ ಕುರ್ಚಿ ಹಾಗೇ ಇರುತ್ತೆ. ಆಮೇಲಿಂದು ನಾನು ಮಾತು ಕೊಡಲ್ಲ. ಈ ಕೋಟನ್ನ ಮಾತ್ರ ನೀನೇ ಬಿಚ್ಚಿ ನೀನೇ ಮತ್ತೆ ಹಾಕಿ ತರ್ಬೇಕು. ಅದನ್ನ ನೋಡ್ತೀನಿ, ಆಮೇಲೆ ಕುರ್ಚಿ ಮಾತು."

ಗುರುವಾರ ಡಾಕ್ಟರು ನೋಡಿದರು. ಎರಡೂ ಕಣ್ಣಿಗೆ ಪೊರೆ, ಬಲಗಣ್ಣು ಮೊದಲು ಮಾಡೋಣ ಅಂದರು. ಮುಂದಿನ ವಾರವೇ ಆಯಿತು. ಕಾಲು ಗಂಟೆಯ ಕೆಲಸ, ಅದಕ್ಕೆ ಎರಡು ವರ್ಷ ಹೆದರಿದ್ದಳು. ಪಟ್ಟಿ ಬಿಚ್ಚಿದ ದಿನ ಅವಳು ಆಸ್ಪತ್ರೆಯ ಗೋಡೆಯನ್ನು ನೋಡಿ, "ಯಾವಾಗ ಸುಣ್ಣ ಹೊಡೆಸಿದ್ರಿ?" ಅಂತ ಕೇಳಿದಳಂತೆ. ನರ್ಸು ನಕ್ಕಳು, ಎಲ್ಲರೂ ಇದನ್ನೇ ಕೇಳುತ್ತಾರೆ ಅಂದಳು. ಎಡಗಣ್ಣು ಮುಚ್ಚಿದರೆ ಲೋಕ 'ಈಗಷ್ಟೆ ಒಗೆದದ್ದು', ಬಲಗಣ್ಣು ಮುಚ್ಚಿದರೆ ಅದೇ ಹಳೆಯ ಚಹಾ. ಮೂರು ದಿನ ಅವಳು ಮನೆಯೊಳಗೆ ಇದೇ ಆಟ ಆಡುತ್ತಾ ಓಡಾಡಿದಳು.

ನಾಲ್ಕನೆಯ ವಾರ, ಹತ್ತಿರದ ಕೆಲಸಕ್ಕೆ ಕನ್ನಡಕ ಬಂದ ಮಾರನೆಯ ದಿನ, ಅಕ್ಕ ಕೋಟನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ತೋಳಿನ ಮೇಲೆ ಎರಡು ಬೆರಳಗಲ ಕಪ್ಪು ಮೆತ್ತಿಕೊಂಡಿತ್ತು. ಹೆಣಿಗೆ ಒಂದು ಎಳೆಯೂ ಓರೆಯಿರಲಿಲ್ಲ, ಅಷ್ಟು ನೀಟು. ಬಣ್ಣ ಮಾತ್ರ ನೋಡಲಾಗದ ಹಾಗಿತ್ತು. ಇದನ್ನು ಹಾಕಿದ್ದು ತನ್ನ ಕೈಯೇ ಅಂತ ಅವಳಿಗೆ ನಂಬಲಾಗಲಿಲ್ಲ. ಸೂಜಿಯ ತುದಿಯಿಂದ ಒಂದೊಂದೇ ಎಳೆ ಕಿತ್ತು ತೆಗೆದಳು. ಪೆಟ್ಟಿಗೆಯಿಂದ ನೀಲಿ ಉಂಡೆ ತೆಗೆದು, ಕಪ್ಪು ಉಂಡೆಯ ಪಕ್ಕ ಇಟ್ಟು, ಎರಡರ ನಡುವೆ ಅಷ್ಟು ಅಂತರ ಇರುವುದನ್ನು ಸುಮ್ಮನೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೆಣೆಯಲು ಕೂತಳು. ಮಧ್ಯಾಹ್ನ ಎರಡರ ಹೊತ್ತಿಗೆ ತೂತು ಎಲ್ಲಿತ್ತು ಅಂತ ಹುಡುಕಲು ಅವಳೇ ಬಟ್ಟೆಯನ್ನು ಮಗುಚಿ ನೋಡಬೇಕಾಯಿತು. ಕುರ್ಚಿ ಉಳಿಯಿತು ಅಂತ ಅವಳ ಬೆರಳುಗಳಿಗೆ ಗೊತ್ತಾಯಿತು.

ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದವಳ ಕಣ್ಣಿಗೆ ಬಿದ್ದದ್ದು ಬಟ್ಟೆಯ ಬುಟ್ಟಿ. ಮೇಲೆಯೇ ಒಂದು ಸುತ್ತಿದ ಕಾಲುಚೀಲದ ಜೋಡಿ ಇತ್ತು, ಆಸ್ಪತ್ರೆಗೆ ಹೋಗುವ ಮುಂಚೆ ತಾನೇ ಸುತ್ತಿಟ್ಟದ್ದು. ಒಂದು ಕಪ್ಪು, ಒಂದು ನೀಲಿ.

ಅಯ್ಯೋ ಅಂದುಕೊಂಡು ಬಿಚ್ಚಿದಳು. ಅದರ ಕೆಳಗಿನದನ್ನು ಬಿಚ್ಚಿದಳು. ಅದೂ ಹಾಗೇ. ತಮ್ಮನ ಕಪಾಟಿನ ಕೆಳಗಿನ ಖಾನೆ ಎಳೆದಳು. ಎಂಟು ಜೋಡಿಯಲ್ಲಿ ಆರು ಜೋಡಿ ಅದೇ ಕಥೆ. ಎರಡು ಮಾತ್ರ ಅಪ್ಪಿತಪ್ಪಿ ಸರಿಯಾಗಿದ್ದವು. ಮೊದಲು ಅವಳಿಗೆ ನಗು ಬಂತು. ನಗುತ್ತಲೇ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹಾಸಿದಳು. ಪಾಪ, ಕಾಣದವನು, ಹಾಕಿದ್ದನ್ನು ಹಾಕಿಕೊಂಡು ಹೋಗಿದ್ದಾನೆ ಅಂದುಕೊಂಡಳು. ಅಂದುಕೊಂಡವಳಿಗೆ ಥಟ್ಟನೆ ನಗು ನಿಂತುಹೋಯಿತು. ಅವನಿಗೆ ಕಾಣದ್ದು ಕೆಂಪು-ಹಸಿರು. ನೀಲಿ ಕಾಣುತ್ತದೆ.

ಸಂಜೆ ತಮ್ಮ ಬಂದ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಬೂಟು ಕಳಚಿದ. ಎಡಗಾಲಿಗೆ ಕಪ್ಪು, ಬಲಗಾಲಿಗೆ ನೀಲಿ.

"ಕಾಯಿ," ಅಂದಳು ಅಕ್ಕ. "ನಿನಗೆ ನೀಲಿ ಕಾಣುತ್ತಲ್ವೇನೋ?"

"ಕಾಣುತ್ತೆ."

"ಕಪ್ಪು?"

"ಅದೂ ಕಾಣುತ್ತೆ." ಆಗ ಅವನು ಮೇಜಿನ ಮೇಲಿನ ಸಾಲನ್ನು ನೋಡಿದ. ಕದ್ದು ಸಿಕ್ಕಿಬಿದ್ದವನ ಹಾಗೆ ಕಾಲನ್ನು ಸ್ಟೂಲಿನ ಕೆಳಗೆ ಎಳೆದುಕೊಂಡ.

"ಎಷ್ಟು ದಿನದಿಂದ?"

"ಹೋದ ವರ್ಷದ ಚಳಿಗಾಲದಿಂದ ಇರ್ಬೇಕು."

"ಬೇರೆ ಜೋಡಿ ಮಾಡಿ ಹಾಕ್ಕೋಬಾರದಿತ್ತಾ? ಕಂಪನಿಯಲ್ಲಿ ಯಾರೂ ನಗಲಿಲ್ವಾ?"

"ನಕ್ಕರು." ಅವನು ತಲೆ ಕೆರೆದುಕೊಂಡ. "ನೀನು ದಿನವೆಲ್ಲಾ ದುಡಿದು, ನಾಲ್ಕು ಮಹಡಿ ಹತ್ತಿ ಬಂದು, ಕೂತು ಜೋಡಿ ಮಾಡ್ತಿದ್ದೆ ಅಕ್ಕ. ಅದು ತಪ್ಪು ಅಂತ ನಾನು ಹೇಗೆ ಹೇಳ್ಲಿ?"

ಅಕ್ಕನ ಹೊಸ ಕಣ್ಣು, ಹಳೆಯ ಕಣ್ಣು ಎರಡೂ ಒಟ್ಟಿಗೆ ತುಂಬಿಕೊಂಡವು. ಕಣ್ಣಿಗೆ ನೀರು ತಾಗಿಸಬೇಡಿ ಅಂದಿದ್ದರು ಡಾಕ್ಟರು, ಈ ನೀರಿನ ಬಗ್ಗೆ ಏನೂ ಹೇಳಿರಲಿಲ್ಲ.

"ಬಿಚ್ಚು ಅದನ್ನ," ಅಂದಳು, ಕೈ ಚಾಚಿ.

ಅವನು ಎರಡನ್ನೂ ಬಿಚ್ಚಿ ಅವಳ ಕೈಗೆ ಕೊಟ್ಟ.